ನೆರವಾದವರ ಹೆಸರು

ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಕಾಗದಪತ್ರ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕೆಲಸ ನೋಡಿ ಹಾಗೆ ಕರೆಯುತ್ತಾರೆ ಎಂದು ಅವಳು ತಿಳಿದಿದ್ದಳು. ನಾಲಿಗೆ ನೋಡಿ ಕರೆಯುತ್ತಿದ್ದೇವೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಅವಳು ರಫೂ ಕೆಲಸ ಮಾಡುತ್ತಿದ್ದಳು. ರಫೂ ಎಂದರೆ ತೇಪೆ ಹಾಕುವುದಲ್ಲ. ತೇಪೆ ಎಂಬ ಮಾತು ಎತ್ತಿದರೆ ಸಾಕು, ಎದುರಿಗಿದ್ದವರು ಗಿರಾಕಿಯಾದರೂ ಸರಿ, ಅವಳು ಮೈಮೇಲೆ ಬೀಳುತ್ತಿದ್ದಳು. ನುಸಿ ತಿಂದ ಸ್ವೆಟರ್, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಕೋಟು ಬಂದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ ತೆಗೆದು, ಮೇಜಿಗೆ ಕಚ್ಚಿಸಿದ ಭೂತಗನ್ನಡಿಯ ಕೆಳಗೆ ಒಂದೊಂದೇ ಎಳೆಯನ್ನು ಮೇಲೆ ಕೆಳಗೆ ಹಾಯಿಸಿ, ತೂತಿದ್ದ ಜಾಗದಲ್ಲಿ ಬಟ್ಟೆಯನ್ನೇ ಮತ್ತೆ ನೇಯುತ್ತಿದ್ದಳು. ಗಿರಾಕಿ ಬಂದು ಕೋಟನ್ನು ಹಿಂದೆ ಮುಂದೆ ತಿರುಗಿಸಿ, ಕಿಟಕಿಯ ಹತ್ತಿರ ಹಿಡಿದು, ಎಲ್ಲಿತ್ತು ತೂತು ಎಂದು ಕೇಳಬೇಕು. ಇವಳು ಹೇಳಬಾರದು. ಆ ಒಂದು ಗಳಿಗೆಗಾಗಿಯೇ ಅವಳು ಬದುಕಿದ್ದಳು ಎಂದರೂ ತಪ್ಪಿಲ್ಲ. ಅವಳ ಸಂಬಳ ನೋಡಿದರೆ ಬೇರೆ ಕಾರಣ ಕಾಣುವುದಿಲ್ಲ.

ಇಂಥ ಕೆಲಸ ಮಾಡುವವರಿಗೆ ಎರಡು ರೋಗ ಅಂಟಿಕೊಳ್ಳುತ್ತವೆ. ಒಂದು, ಮನುಷ್ಯರನ್ನು ಬಟ್ಟೆ ನೋಡಿ ಅಳೆಯುವುದು. ಇನ್ನೊಂದು, ಹರಿದದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರದಿರುವುದು. ಸೂಜಿಗೆ ಎರಡೂ ಇದ್ದವು, ಎರಡೂ ಸೇರಿ ಅವಳನ್ನು ಹಳ್ಳಕ್ಕೆ ಕೆಡವಿದವು.

ಅವಳ ಗಂಡ ಬಸ್ಸು ರಿಪೇರಿಯ ಮೆಕ್ಯಾನಿಕ್. ನಾಲ್ಕು ವರ್ಷದ ಹಿಂದೆ ಬೇರೊಂದು ದೇಶದ ಬಸ್ ಡಿಪೋ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತ್ತು. ಎಲ್ಲ ಕಾನೂನು ಪ್ರಕಾರವೇ ನಡೆದಿತ್ತು, ಪರವಾನಗಿ ಇತ್ತು, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಮೂರು ವರ್ಷ ದುಡಿದ ಮೇಲೆ ಹೆಂಡತಿಯನ್ನೂ ಹದಿನೆಂಟು ತುಂಬದ ಮಕ್ಕಳನ್ನೂ ಕರೆಸಿಕೊಳ್ಳಬಹುದು ಎಂಬುದು ಅಲ್ಲಿನ ನಿಯಮ. ಇವರಿಗೆ ಇದ್ದದ್ದು ಒಬ್ಬಳೇ ಮಗಳು, ಅವಳಿಗೆ ಹದಿನೇಳು ದಾಟಿತ್ತು. ಹದಿನೆಂಟು ತುಂಬಿದ ಮರುದಿನದಿಂದ ಆ ದೇಶದ ಲೆಕ್ಕದಲ್ಲಿ ಅವಳು ಅಪ್ಪನಿಗೆ ಸೇರಿದ ಮಗುವಲ್ಲ, ಯಾರೋ ಒಬ್ಬಳು ಹೆಂಗಸು. ಆಮೇಲೆ ತನ್ನ ಪಾಡಿಗೆ ತಾನು ಸಾಲಿನ ಕೊನೆಯಲ್ಲಿ ನಿಲ್ಲಬೇಕು, ಆ ಸಾಲು ಎಷ್ಟು ವರ್ಷಕ್ಕೆ ಕರಗುತ್ತದೆ ಎಂದು ಹೇಳುವವರು ಯಾರೂ ಇಲ್ಲ. ಸೂಜಿಗೆ ತನ್ನ ಚಿಂತೆ ಅಷ್ಟಿರಲಿಲ್ಲ. ಮಗಳು ಹೋಗಬೇಕು, ಹುಟ್ಟಿದ ದಿನ ಬರುವುದರೊಳಗೆ ಹೋಗಬೇಕು, ಅಷ್ಟೇ.

ಕೋಟಿನವನು ಸಿಕ್ಕಿದ್ದು ಆಗ. ಅವನಿಗೂ ಹೆಸರಿತ್ತು, ಬೇಕಾದಷ್ಟು ಕಾರ್ಡುಗಳ ಮೇಲೆ ಅಚ್ಚಾಗಿತ್ತು, ಆದರೆ ಸೂಜಿ ಅವನನ್ನು ನೆನಪಿಟ್ಟುಕೊಂಡದ್ದು ಕೋಟಿನಿಂದ. ಬೂದು ಬಣ್ಣದ ಉಣ್ಣೆಯ ಕೋಟು, ಅಂಥ ನೇಯ್ಗೆ ಅವಳ ಕೈಗೆ ಇಡೀ ಜನ್ಮದಲ್ಲಿ ಮೂರು ಸಲ ಬಂದಿತ್ತು. ತೋಳಿನ ಮೇಲೆ ಸಿಗರೇಟಿನ ತೂತು. ಅವಳು ಅದನ್ನು ಮುಚ್ಚಿ ಕೊಟ್ಟ ದಿನ ಅವನು ಹತ್ತು ನಿಮಿಷ ಹುಡುಕಿ ಸೋತು ಕೈಮುಗಿದ. ಮಾತಿಗೆ ಮಾತು ಬಂದು, ಜನರನ್ನು ಹೊರದೇಶಕ್ಕೆ ಕಳಿಸುವುದೇ ತನ್ನ ಕಸುಬು ಎಂದ. ಇಂಥ ಬಟ್ಟೆ ಆರಿಸಿ ಹೊಲಿಸಿಕೊಂಡವನು ಕೆಲಸದಲ್ಲಿ ಕಸರು ಇಟ್ಟುಕೊಳ್ಳುವವನಲ್ಲ ಎಂದು ಸೂಜಿ ತೀರ್ಮಾನಿಸಿಬಿಟ್ಟಳು. ಎಂಥ ತೀರ್ಮಾನ! ಕೋಟು ಅವನು ಯಾರಿಂದ ಕಿತ್ತುಕೊಂಡದ್ದೋ ಯಾರಿಗೆ ಗೊತ್ತು.

ಅವನ ಆಫೀಸಿನಲ್ಲಿ ಗಾಜಿನ ಮೇಜಿತ್ತು, ತಿರುಗುವ ಭೂಗೋಳವಿತ್ತು, ಗೋಡೆಯ ತುಂಬ ವಿಮಾನಗಳ ಚಿತ್ರವಿತ್ತು, ನೂರಕ್ಕೆ ನೂರು ಖಾತರಿ ಎಂಬ ಬೋರ್ಡಿತ್ತು. ಇರದೇ ಇದ್ದದ್ದು ಪರವಾನಗಿಯ ಪತ್ರ ಒಂದೇ. ಅದು ಇರಬೇಕು ಎಂದು ಸೂಜಿಗೆ ಗೊತ್ತಿದ್ದರೆ ತಾನೆ ಹುಡುಕುವುದು. ಅವನು ಅರ್ಜಿಯನ್ನು ಸರಸರನೆ ತುಂಬಿದ. ಕೊನೆಯ ಪುಟದಲ್ಲಿ ಒಂದು ಕಾಲಂ ಇತ್ತು: ಈ ಅರ್ಜಿ ತುಂಬಲು ನೆರವಾದವರ ಹೆಸರು ಮತ್ತು ನೋಂದಣಿ ಸಂಖ್ಯೆ. ಅಲ್ಲಿ ಅವನು ‘ಯಾರೂ ಇಲ್ಲ’ ಎಂದು ಬರೆದ. ನೀವಿದ್ದೀರಲ್ಲ ಎಂದು ಸೂಜಿ ಕೇಳದೆ ಬಿಡಲಿಲ್ಲ.

"ನಾನು ನಿಮ್ಮನೆಯವನ ಥರ ಅಲ್ವಾ," ಎಂದ ಅವನು. "ಮನೆಯವರ ಹೆಸರನ್ನ ಯಾರಾದ್ರೂ ಅಲ್ಲಿ ಬರೀತಾರಾ?"

ಸೂಜಿಗೆ ಆ ಮಾತು ಬಹಳ ಹಿಡಿಸಿತು. ಮೂಗಿನ ಮೇಲೆ ಕೋಪ ಇರುವವರನ್ನು ಬೀಳಿಸುವುದು ಬಹಳ ಸುಲಭ, ಒಂದು ಸಿಹಿ ಮಾತು ಅವರಿಗೆ ಅಪರೂಪಕ್ಕೆ ಸಿಗುವುದರಿಂದ ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುವುದಿಲ್ಲ.

ಕಾಗದಗಳನ್ನು ಜೋಡಿಸುವಾಗ ಅವಳ ಮದುವೆಯ ನೋಂದಣಿ ಪತ್ರ ಹೊರಬಂತು. ತಗಡಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟು, ಮಡಿಕೆಯ ಗುಂಟ ಅರ್ಧ ಹರಿದಿತ್ತು. ಹರಿದ ಗೆರೆ ಸರಿಯಾಗಿ ಮೊಹರಿನ ನಡುವೆ ಹಾದು, ಅಲ್ಲೊಂದು ಅಕ್ಕಿಕಾಳಿನಷ್ಟು ಚೂರು ಉದುರಿಹೋಗಿತ್ತು. ಇದನ್ನು ಕೊಟ್ಟರೆ ಮುಖದ ಮೇಲೆ ಎಸೆಯುತ್ತಾರೆ, ಹೊಸ ಪ್ರತಿ ತೆಗೆಸಲು ಮೂರು ತಿಂಗಳು ಬೇಕು ಎಂದು ಕೋಟಿನವನು ಹೇಳಿದ. ನಾನು ನೋಡಿಕೊಳ್ಳುತ್ತೇನೆ ಎಂದಳು ಸೂಜಿ. ಹೇಗೆ ನೋಡಿಕೊಳ್ಳುತ್ತೀರಿ ಎಂದು ಅವನು ಕೇಳಲಿಲ್ಲ. ಅಷ್ಟೊತ್ತಿಗೆ ಅವನ ಕಣ್ಣು ಬಾಗಿಲಲ್ಲಿ ನಿಂತ ಮುಂದಿನ ಕುರಿಯ ಮೇಲಿತ್ತು.

ಎರಡು ಮಧ್ಯಾಹ್ನ ಅವಳು ಅಂಗಡಿಯ ಕೆಲಸವನ್ನೆಲ್ಲ ಪಕ್ಕಕ್ಕೆ ಸರಿಸಿದಳು. ತೆಳ್ಳನೆಯ ಕಾಗದವನ್ನು ನೀರಲ್ಲಿ ನೆನೆಸಿ ಅದರ ನಾರು ಬಿಡಿಸಿದಳು. ಗಂಜಿಯ ತಿಳಿಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿ, ಹರಿದ ಎರಡು ಅಂಚನ್ನೂ ನಾರಿಗೆ ನಾರು ಕೂಡಿಸಿದಳು. ಪತ್ರ ಹಳದಿಗೆ ತಿರುಗಿತ್ತು, ನಾರೂ ಹಳದಿಯಾಗಲಿ ಎಂದು ಚಹಾದ ನೀರಲ್ಲಿ ಅದ್ದಿದ್ದಳು. ಉದುರಿದ ಚೂರಿನ ಜಾಗದಲ್ಲಿ ಕಾಗದವೇನೋ ತುಂಬಿತು, ಆದರೆ ಮೊಹರಿನ ನೇರಳೆ ಗೆರೆ ಅಲ್ಲಿ ತುಂಡಾಗಿ ನಿಂತಿತ್ತು. ಕೋಟಿನ ಚೌಕಳಿ ಹೊಂದಿಸುವಾಗ ಒಂದು ಗೆರೆ ನಡುವೆ ನಿಂತರೆ ಯಾರಾದರೂ ಬಿಡುತ್ತಾರೆಯೇ? ಅವಳು ನೇರಳೆ ಶಾಯಿ ತಂದು, ಸೂಜಿಯ ಮೊನೆಯಲ್ಲಿ ಅದ್ದಿ, ಆ ಗೆರೆಯನ್ನೂ ಕೂಡಿಸಿದಳು. ಅಕ್ಷರ ಒಂದನ್ನೂ ಮುಟ್ಟಲಿಲ್ಲ, ತಾರೀಕು ಮುಟ್ಟಲಿಲ್ಲ, ಹೆಸರು ಮುಟ್ಟಲಿಲ್ಲ. ಮನೆಗೆ ಒಯ್ದು ಮಗಳ ಕೈಗೆ ಕೊಟ್ಟು ಎಲ್ಲಿತ್ತು ಹೇಳು ನೋಡೋಣ ಎಂದಳು. ಮಗಳಿಗೆ ಕಾಣಲಿಲ್ಲ. ಆ ಸಂಜೆಯಷ್ಟು ಹಿಗ್ಗು ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಆರು ವಾರ ಬಿಟ್ಟು ಆ ದೇಶದ ವೀಸಾ ಕಚೇರಿಯಿಂದ ಉತ್ತರ ಬಂತು. ಮೂಲ ದಾಖಲೆಯ ಅಧಿಕೃತ ಮೊಹರನ್ನು ಕೈಯಿಂದ ತಿದ್ದಿರುವುದು ಕಂಡುಬಂದಿದೆ, ಕುಟುಂಬದ ಅರ್ಜಿಯನ್ನು ಪೂರ್ತಿಯಾಗಿ ತಿರಸ್ಕರಿಸಲಾಗಿದೆ. ಅದರ ಜೊತೆ ಅರ್ಜಿಯೂ ಕಾಗದಗಳೂ ವಾಪಸಾಗಿದ್ದವು. ಗಿರಾಕಿಗಳ ಕಣ್ಣಿಗೆ ಮಣ್ಣೆರಚುವುದು ಬೇರೆ, ದೀಪದ ಮೇಲೆ ಕಾಗದ ಇಟ್ಟು ನೋಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವರ ಕಣ್ಣು ಬೇರೆ. ಮಗಳ ಹುಟ್ಟಿದ ದಿನಕ್ಕೆ ಇನ್ನು ಹನ್ನೊಂದು ವಾರ ಉಳಿದಿತ್ತು.

ಗಂಡ ಫೋನಿನಲ್ಲಿ ಪತ್ರವನ್ನು ಎರಡು ಸಲ ಓದಿಸಿಕೊಂಡ. ಆಮೇಲೆ ಏನು ತಿದ್ದಿದೆ ಎಂದು ಕೇಳಿದ. ತಿದ್ದಿಲ್ಲ, ಸರಿ ಮಾಡಿದೆ ಎಂದು ಇವಳು ಅರಚಿದಳು. ಅವನ ತಪ್ಪೇನೂ ಇರಲಿಲ್ಲ, ಆದರೆ ಬೈಯಲು ಕೈಗೆ ಸಿಕ್ಕವನು ಅವನೊಬ್ಬನೇ.

ಮರುದಿನ ಅವಳು ಕೋಟಿನವನ ಆಫೀಸಿಗೆ ನುಗ್ಗಿದಳು. ಕಾಯುತ್ತಿದ್ದ ಮೂರು ಜನರೆದುರೇ ಬಾಯಿಗೆ ಬಂದಂತೆ ಬೈದಳು, ಗಾಜಿನ ಮೇಜಿನ ಮೇಲೆ ತಿರಸ್ಕಾರದ ಪತ್ರವನ್ನೂ ಅರ್ಜಿಯನ್ನೂ ಕುಕ್ಕಿದಳು. ಅವನು ಕೋಪಿಸಿಕೊಳ್ಳಲೂ ಇಲ್ಲ. ಅರ್ಜಿಯ ಕೊನೆಯ ಪುಟ ತಿರುಗಿಸಿ, ಆ ಕಾಲಮ್ಮಿನ ಮೇಲೆ ಬೆರಳಿಟ್ಟ.

"ಇಲ್ಲೆಲ್ಲಾದ್ರೂ ನನ್ನ ಹೆಸರು ಇದೆಯಾ?" ಎಂದ. "ನೀವು ಯಾರು ಅಂತಾನೇ ನಂಗೊತ್ತಿಲ್ಲ."

ಸೂಜಿ ಕುಕ್ಕಿದ ಕಾಗದಗಳನ್ನು ಒಂದೊಂದಾಗಿ ಎತ್ತಿಕೊಂಡು ಮಡಿಸತೊಡಗಿದಳು. ಅವಳು ಮೆತ್ತಗಾದದ್ದು ನೋಡಿ ಅವನು ದನಿ ತಗ್ಗಿಸಿ ಇನ್ನೊಂದು ದಾರಿ ತೋರಿಸಿದ. ಮಗಳಿಗೆ ಹೊಸ ಜನನ ಪತ್ರ ಮಾಡಿಸೋಣ, ವಯಸ್ಸು ಒಂದು ವರ್ಷ ಕಮ್ಮಿ ಬರೆಸೋಣ, ಹೊಸದಾಗಿ ಅರ್ಜಿ ಹಾಕೋಣ, ಅಂಥ ಕೆಲಸ ಮಾಡಿಕೊಡುವವರು ತನಗೆ ಗೊತ್ತು. ಎರಡು ದಿನ ಯೋಚಿಸಿ ಹೇಳಿ ಎಂದ.

ಅವಳು ಎರಡು ದಿನ ಯೋಚಿಸಿದಳು. ಇದನ್ನು ಮುಚ್ಚಿಡುವುದು ಬೇಡ. ಅವನ ಮೇಲೆ ಹಲ್ಲು ಕಡಿಯುತ್ತಲೇ, ಒಂದು ವರ್ಷ ಎಷ್ಟರ ಮಾತು, ಒಳಮಡಿಕೆಯಿಂದ ಎಳೆದ ಎಳೆಯಷ್ಟು, ಎಂದು ಲೆಕ್ಕ ಹಾಕಿದಳು. ಕೊನೆಗೆ ಮಗಳಿಗೆ ಹೇಳಿದಳು. ಮಗಳು ತಾಯಿಯ ಹಾಗೆ ಕಿರುಚುವವಳಲ್ಲ, ಅಪ್ಪನ ಹಾಗೆ ಸುಮ್ಮನಿರುವವಳೂ ಅಲ್ಲ. ನನ್ನ ವಯಸ್ಸಿಗೂ ಸೂಜಿ ಹಾಕಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಆಮೇಲೆ ತಿರಸ್ಕಾರದ ಪತ್ರವನ್ನು ಎತ್ತಿಕೊಂಡು ಎಲ್ಲರೂ ಓದದೆ ಬಿಟ್ಟ ಕೆಳಗಿನ ಸಣ್ಣ ಅಕ್ಷರ ಓದಿದಳು. ಸರ್ಕಾರದಲ್ಲಿ ನೋಂದಾಯಿಸಿದ ವಲಸೆ ಸಲಹೆಗಾರರ ಪಟ್ಟಿ ಕಚೇರಿಯಲ್ಲಿ ಸಿಗುತ್ತದೆ, ಪಟ್ಟಿಯಲ್ಲಿಲ್ಲದವರಿಂದ ಸಹಾಯ ಪಡೆದರೆ ಅದಕ್ಕೆ ಅರ್ಜಿದಾರರೇ ಹೊಣೆ. ಮಗಳು ಮರುದಿನ ಹೋಗಿ ಪಟ್ಟಿ ತಂದಳು. ಕೋಟಿನವನ ಹೆಸರು ಅದರಲ್ಲಿ ಇರಲಿಲ್ಲ. ಇವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪಟ್ಟಿಯಲ್ಲಿದ್ದವಳು ಒಬ್ಬಳು ವಕೀಲೆ.

ಆ ವಕೀಲೆಯ ಕಚೇರಿ ಟಯರ್ ಅಂಗಡಿಯ ಮೇಲಿತ್ತು. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಒಳಗೆ ನಾಲ್ಕು ಬಗೆಯ ನಾಲ್ಕು ಕುರ್ಚಿ, ಕಿಟಕಿಗೆ ಅಡ್ಡವಾಗಿ ಫೈಲುಗಳ ಪೆಟ್ಟಿಗೆ, ಗೋಡೆಯ ಮೇಲೆ ವಿಮಾನದ ಬದಲು ಚೌಕಟ್ಟು ಹಾಕಿದ ಒಂದು ಪರವಾನಗಿ. ವಕೀಲೆಗೆ ಐವತ್ತರ ಮೇಲಾಗಿತ್ತು. ಅವಳು ಹಾಕಿದ್ದ ಕಂದು ಸ್ವೆಟರಿನ ಮೊಣಕೈ ಹರಿದು, ಅದನ್ನು ಯಾರೋ ಕಪ್ಪು ದಾರದಲ್ಲಿ ಬೇಲಿ ಹಾಕಿದ ಹಾಗೆ ಅಡ್ಡಾದಿಡ್ಡಿ ಹೊಲಿದಿದ್ದರು. ಸೂಜಿಗೆ ಅದನ್ನು ನೋಡಿ ಮೈ ಉರಿಯಿತು. ಸ್ವಂತ ಮೊಣಕೈ ನೋಡಿಕೊಳ್ಳಲಾಗದವಳು ನನ್ನ ಮಗಳ ಫೈಲು ನೋಡುತ್ತಾಳೆಯೇ ಎಂದು ಹೊಸಿಲಲ್ಲೇ ತಿರುಗಿದಳು. ಮಗಳು ರಟ್ಟೆ ಹಿಡಿದು ಒಳಗೆ ತಳ್ಳಿದಳು.

ವಕೀಲೆ ಕೂರಲೂ ಹೇಳಲಿಲ್ಲ. ಒಂದು ಚೀಟಿಯಲ್ಲಿ ಎರಡು ಸಂಖ್ಯೆ ಬರೆದು ಕೊಟ್ಟಳು. ಒಂದು ತನ್ನ ನೋಂದಣಿ ಸಂಖ್ಯೆ, ಇನ್ನೊಂದು ನೋಂದಣಿ ಇಲಾಖೆಯ ಫೋನು. ಕೆಳಗೆ ಹೋಗಿ ಫೋನ್ ಮಾಡಿ ನಾನು ನಿಜವೋ ಸುಳ್ಳೋ ಕೇಳಿಕೊಂಡು ಬನ್ನಿ, ಆಮೇಲೆ ಮಾತು ಎಂದಳು. ಸೂಜಿ ಗೊಣಗುತ್ತಾ ಇಳಿದಳು, ಟಯರುಗಳ ನಡುವೆ ನಿಂತು ಇಪ್ಪತ್ತು ನಿಮಿಷ ಫೋನು ಕಿವಿಗೆ ಒತ್ತಿ ಹಿಡಿದಳು, ನಿಜ ಎಂದು ತಿಳಿದು ಇನ್ನಷ್ಟು ಸಿಟ್ಟಿನಲ್ಲಿ ಹತ್ತಿಬಂದಳು.

ವಕೀಲೆ ಫೈಲನ್ನು ಹಿಂದಿನಿಂದ ಓದಲು ಶುರುಮಾಡಿದಳು. ಕೊನೆಯ ಪುಟದ ಕಾಲಂ ನೋಡಿ, ಇದು ಮೊದಲನೇ ಸುಳ್ಳು ಎಂದಳು. ಮದುವೆ ಪತ್ರವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೊಸ ಪ್ರತಿಗೆ ಮೂರು ತಿಂಗಳು ಬೇಕು ಎಂದದ್ದು ಯಾರು, ಒಂಬತ್ತು ದಿನದಲ್ಲಿ ಸಿಗುತ್ತದೆ ಎಂದಳು. ಒಂಬತ್ತು ದಿನ! ಸೂಜಿ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಮನುಷ್ಯ ಇನ್ನೇನು ಹೇಳಿದ ಎಂದು ವಕೀಲೆ ಕೇಳಿದಾಗ ಜನನ ಪತ್ರದ ಸಂಗತಿಯನ್ನೂ ಸೂಜಿ ಹೇಳಿದಳು.

"ಆ ಮಾತು ಈ ಕೋಣೆಯಲ್ಲಿ ಇನ್ನೊಂದ್ಸಲ ಬಂದ್ರೆ," ಎಂದಳು ವಕೀಲೆ, "ಮೆಟ್ಟಿಲು ಎಲ್ಲಿದೆ ಅಂತ ನಿಮಗೆ ಗೊತ್ತಲ್ಲ."

ಹೀಗೆ ಇಬ್ಬರಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೇಕಾಯಿ. ವಕೀಲೆಗೆ ಸಮಾಧಾನ ಹೇಳುವ ಚಾಳಿಯೇ ಇರಲಿಲ್ಲ. ಆಗುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ಪ್ರಯತ್ನ ಮಾಡಬಹುದು ಎನ್ನುತ್ತಿದ್ದಳು, ಅದನ್ನೂ ಒಂದು ಕರಾರು ಪತ್ರದಲ್ಲಿ ಬರೆದು, ತಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಎಷ್ಟು ತೆಗೆದುಕೊಳ್ಳುತ್ತೇನೆ ಎಂದು ಸಹಿ ಹಾಕಿ ಕೊಟ್ಟಳು. ಸೂಜಿ ಪ್ರತಿ ಸಲ ಜಗಳ ತೆಗೆದಳು. ಮೂರನೆಯ ಭೇಟಿಯಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಆ ಸ್ವೆಟರ್ ಬಿಚ್ಚಿ ಕೊಡಿ, ನಿಮ್ಮ ಮೊಣಕೈ ನೋಡುತ್ತಾ ನಿಮ್ಮ ಮಾತು ಕೇಳುವುದು ನನ್ನಿಂದ ಆಗುವುದಿಲ್ಲ ಎಂದಳು. ವಕೀಲೆ ತಲೆಯೆತ್ತದೆ ಬಿಚ್ಚಿ ಕೊಟ್ಟಳು. ಸೂಜಿ ಕಪ್ಪು ದಾರವನ್ನು ಕತ್ತರಿಸಿ ಎಸೆದು, ಅಂಚಿನಿಂದ ಕಂದು ಎಳೆ ತೆಗೆದು, ಅವಳು ಪತ್ರ ಬರೆದು ಮುಗಿಸುವುದರೊಳಗೆ ಮೊಣಕೈ ಮುಗಿಸಿದಳು. ವಕೀಲೆ ತೊಟ್ಟುಕೊಂಡಳು, ಎಲ್ಲಿತ್ತು ಎಂದು ನೋಡಲೂ ಇಲ್ಲ. ಸೂಜಿ ಅದನ್ನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ.

ಉಪಾಯ ಇದು. ಮಗಳ ಜನನ ಪತ್ರದಲ್ಲಿ ಎಳ್ಳಷ್ಟೂ ದೋಷವಿಲ್ಲ. ತಾಯಿಯನ್ನು ಬಿಟ್ಟು ಮಗಳೊಬ್ಬಳಿಗೇ ಅಪ್ಪ ಅರ್ಜಿ ಹಾಕಬಹುದು, ತಾಯಿಯ ಒಪ್ಪಿಗೆ ಪತ್ರವಿದ್ದರೆ ಸಾಕು. ಆದರೆ ಕುಟುಂಬದ ಮೇಲೆ ತಿದ್ದುಪಡಿಯ ಕಳಂಕ ಇರುವವರೆಗೆ ಆ ಫೈಲು ಯಾವ ಮೇಜಿನಿಂದಲೂ ಅಲ್ಲಾಡುವುದಿಲ್ಲ. ಹಾಗಾಗಿ ಕಚೇರಿಯ ಮುಂದೆ ಹೋಗಿ, ಯಾರು ಏನನ್ನು ತಿದ್ದಿದರು, ಯಾಕೆ ತಿದ್ದಿದರು ಎಂದು ಹೇಳಬೇಕು, ಹೊಸ ಪ್ರತಿಯನ್ನು ಪಕ್ಕದಲ್ಲಿಟ್ಟು ಬೇರೇನೂ ಬದಲಾಗಿಲ್ಲ ಎಂದು ತೋರಿಸಬೇಕು. ತಿದ್ದಿದವರು ತಾವೇ ಎಂದು ಒಪ್ಪಿಕೊಂಡವರು ಒಂದು ವರ್ಷ ಅರ್ಜಿ ಹಾಕುವಂತಿಲ್ಲ, ಅದು ನಿಯಮ.

ಗಂಡನಿಗೆ ಇದನ್ನು ಹೇಳಿದಾಗ ಆ ಮೆತ್ತನೆಯ ಮನುಷ್ಯ ಮೊದಲ ಬಾರಿಗೆ ದನಿ ಎತ್ತಿದ. ಕೋಟಿನವನ ತಲೆಗೆ ಕಟ್ಟು ಎಂದ. ಅವನು ಮೋಸಗಾರ ಎಂದು ಎಲ್ಲರಿಗೂ ಗೊತ್ತು, ಎಷ್ಟು ಜನರಿಗೆ ಟೋಪಿ ಹಾಕಿದ್ದಾನೋ, ಇದೊಂದು ಅವನ ಲೆಕ್ಕಕ್ಕೆ ಸೇರಿದರೆ ಏನು ಕೊಳೆಯುತ್ತದೆ, ಇಬ್ಬರೂ ಬಂದುಬಿಡಬಹುದು. ಸೂಜಿಗೆ ಆ ಮಾತು ಜೇನಿನ ಹಾಗೆ ಇಳಿಯಿತು. ಅವನನ್ನು ಕಚೇರಿಯ ಎದುರು ಹರಾಜು ಹಾಕುವುದನ್ನು ಮನಸ್ಸಿನಲ್ಲೇ ಹತ್ತು ಸಲ ಆಡಿ ನೋಡಿದಳು. ವಕೀಲೆಯ ಮುಂದೆ ಬಾಯಿಬಿಟ್ಟಾಗ ಅವಳು ಹೇಳಿದ್ದಿಷ್ಟೇ. ನೀವು ಹಾಗೆ ಹೇಳಿದರೆ ನಾನು ಪಕ್ಕದಲ್ಲಿ ಕೂರುವುದಿಲ್ಲ. ಅವರು ಅವನನ್ನು ಕರೆಸುತ್ತಾರೆ, ಅವನು ಇಲ್ಲ ಎನ್ನುತ್ತಾನೆ, ವಿಚಾರಣೆ ಎಂಟು ತಿಂಗಳು ಎಳೆಯುತ್ತದೆ. ಅವನು ಪರವಾನಗಿ ಇಲ್ಲದೆ ಮಾಡಿದ ಕೆಲಸದ ಮೇಲೆ ಬೇರೆ ದೂರು ಕೊಡೋಣ, ಅದು ನಿಜ. ಇದು ನಿಜವಲ್ಲ. ನಿಮ್ಮ ಮಗಳಿಗೆ ಉಳಿದಿರುವುದು ಐದು ವಾರ.

ದೂರು ಬರೆದು ಕೊಟ್ಟರು, ಮಗಳ ಅರ್ಜಿಯನ್ನೂ ಹಾಕಿದರು. ವೀಸಾ ಕಚೇರಿಯ ಸಂದರ್ಶನದ ದಿನ ಬಂತು.

ಆ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಮೇಜಿನ ಆಚೆ ಒಬ್ಬ ಅಧಿಕಾರಿ ಕೂತಿದ್ದ. ಅವನ ಶರ್ಟಿನ ಕಾಲರು ಸವೆದಿರುವುದನ್ನು ಸೂಜಿ ನೋಡಿದಳು, ಈ ಸಲ ಅದರಿಂದ ಯಾವ ತೀರ್ಮಾನಕ್ಕೂ ಬರಲಿಲ್ಲ. ಅಧಿಕಾರಿ ನಗಲಿಲ್ಲ, ಗದರಲೂ ಇಲ್ಲ. ಹಳೆಯ ಪತ್ರವನ್ನೂ ಹೊಸ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು, ಕೆಳಗಿನಿಂದ ಬೆಳಕು ಬರುವ ಗಾಜಿನ ಹಲಗೆಯ ಮೇಲೆ ಜಾರಿಸಿದ. ಈ ಪತ್ರದಲ್ಲಿ ಏನೇನು ಮಾಡಲಾಗಿದೆ ಎಂದು ತಮ್ಮ ತಜ್ಞರಿಗೂ ಪೂರ್ತಿ ತಿಳಿದಿಲ್ಲ, ಮೊಹರಿನ ಶಾಯಿ ಬೇರೆ ಎಂದಷ್ಟೇ ಗೊತ್ತಾಗಿದೆ ಎಂದ. ಅದನ್ನು ಕೇಳಿ ಸೂಜಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಇಂಥ ಹೊತ್ತಲ್ಲೂ ಆಯಿತು, ಏನು ಮಾಡುವುದು.

ಆಮೇಲೆ ಅವನು ಅವಳ ಮುಂದೆಯೇ ತಪ್ಪಿಸಿಕೊಳ್ಳುವ ಬಾಗಿಲು ತೆರೆದಿಟ್ಟ. ನಿಮ್ಮ ಅರ್ಜಿಯನ್ನು ಪರವಾನಗಿ ಇಲ್ಲದ ಒಬ್ಬ ತುಂಬಿದ್ದಾನೆ ಎಂದು ದೂರು ಬಂದಿದೆ. ಅವನ ಬಗ್ಗೆ ಬೇರೆಯವರೂ ಹೇಳಿದ್ದಾರೆ. ಇದು ಅವನ ಕೆಲಸವೇ ಆಗಿದ್ದರೆ ಈಗಲೇ ಹೇಳಿ.

ವಕೀಲೆ ಪಕ್ಕದಲ್ಲಿ ಕಂದು ಸ್ವೆಟರಿನ ಕೈಗಳನ್ನು ಮಡಿಸಿ ಕೂತಿದ್ದಳು. ಸೂಜಿಯ ಕಡೆ ತಿರುಗಲೂ ಇಲ್ಲ. ಹೌದು ಎಂಬ ಒಂದು ಮಾತು ಸಾಕಿತ್ತು. ಆ ಬೂದು ಕೋಟು, ಕಾಲಮ್ಮಿನ ಮೇಲಿಟ್ಟ ಅವನ ಬೆರಳು, ನೀವು ಯಾರೆಂದೇ ಗೊತ್ತಿಲ್ಲ ಎಂದ ಮಾತು ಎಲ್ಲವೂ ಅವಳ ಕಣ್ಣ ಮುಂದೆ ಬಂದವು. ಗಂಡ ಬಂದ. ಅವನ ನಾಲ್ಕು ವರ್ಷದ ಒಂಟಿ ಊಟ ಬಂತು. ಎಂಟು ತಿಂಗಳು ಎಂಬ ಲೆಕ್ಕವೂ ಬಂತು. ಇವೆಲ್ಲದರ ನಡುವೆ, ಆ ಹಲಗೆಯ ಬೆಳಕಿನಲ್ಲಿ ಮಿನುಗುವ ತನ್ನ ನಾರುಗಳನ್ನು ಆ ಕೋಟಿನವನ ಕೈಗೆ ಬರೆದು ಕೊಡುವುದು ಅವಳಿಂದ ಸಾಧ್ಯವೇ ಆಗಲಿಲ್ಲ.

"ಅವನಿಗೆ ಗುಂಡಿ ಹೊಲಿಯೋಕೂ ಬರಲ್ಲ," ಎಂದಳು. "ಇದು ನನ್ನ ಕೆಲಸ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ. ನೀವೇ ಮಾಡಿದ್ದು ಎಂಬುದಕ್ಕೆ ಏನು ಆಧಾರ ಎಂದ. ಸ್ವಲ್ಪ ನೀರು, ಒಂದು ಚೂರು ಹತ್ತಿ ಕೊಡಿ, ಬಿಚ್ಚಿ ತೋರಿಸುತ್ತೇನೆ ಎಂದಳು ಸೂಜಿ. ಅವನು ವಕೀಲೆಯನ್ನು ನೋಡಿದ. ಪ್ರಮಾಣಿತ ಪ್ರತಿ ಕೈಯಲ್ಲಿದೆ, ಮೂಲಕ್ಕೆ ಏನೇ ಆದರೂ ನಷ್ಟವಿಲ್ಲ, ನಡೆದದ್ದನ್ನು ದಾಖಲಿಸಿಕೊಳ್ಳಿ ಎಂದು ವಕೀಲೆ ಹೇಳಿದಳು. ನೀರು ಬಂತು. ಸೂಜಿ ಕೊರಳಪಟ್ಟಿಯ ಒಳಗಿನಿಂದ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ತೆಗೆದಳು.

ಇಪ್ಪತ್ತೆರಡು ವರ್ಷದಲ್ಲಿ ಅವಳು ಬೇರೆಯವರ ಎಷ್ಟೋ ಹೊಲಿಗೆ ಬಿಚ್ಚಿದ್ದಳು, ತನ್ನದನ್ನು ಬಿಚ್ಚಿರಲಿಲ್ಲ. ಹತ್ತಿಯನ್ನು ಒದ್ದೆ ಮಾಡಿ ಮೊಹರಿನ ಮೇಲೆ ಒತ್ತಿದಳು. ಗಂಜಿ ಮೆತ್ತಗಾಗುವವರೆಗೆ ಕಾದಳು. ಆಮೇಲೆ ಒಂದೊಂದೇ ನಾರನ್ನು ಸೂಜಿಯ ಮೊನೆಯಲ್ಲಿ ಎತ್ತಿ ಬಿಳಿಯ ಹಾಳೆಯ ಮೇಲೆ ಇಡುತ್ತಾ ಹೋದಳು. ಕಣ್ಣು ತುಂಬಿ ಎರಡು ಸಲ ನಿಲ್ಲಿಸಬೇಕಾಯಿತು. ನೇರಳೆ ಗೆರೆ ಹೊತ್ತ ಅಕ್ಕಿಕಾಳಿನಷ್ಟು ಚೂರು ಕೊನೆಗೆ ಬಂತು. ಅದನ್ನೂ ಎತ್ತಿಟ್ಟಳು. ಪತ್ರ ಮಡಿಕೆಯ ಗುಂಟ ಬಾಯಿ ಬಿಟ್ಟುಕೊಂಡು, ನಡುವೆ ತೂತಾಗಿ, ಮೊದಲಿನ ಹಾಗೆಯೇ ಬಿದ್ದಿತು. ಇಷ್ಟು ಹರಿದಿತ್ತು, ಇಷ್ಟು ನಾನು ಸೇರಿಸಿದೆ ಎಂದು ಅವಳು ತೋರಿಸಿದಳು. ಅಧಿಕಾರಿ ಎದ್ದು ಬಂದು ಬಗ್ಗಿ ನೋಡಿದ.

"ಹರಿದದ್ದನ್ನ ಹಾಗೇ ಕೊಟ್ಟಿದ್ರೆ ಸಾಕಿತ್ತಲ್ರೀ," ಎಂದ.

ಆ ಮಾತು ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಈಗಲೂ ಅದನ್ನು ನೆನೆದರೆ ಅವಳು ಕೈಲಿದ್ದುದನ್ನು ಕೆಳಗಿಡುತ್ತಾಳೆ.

ಮೂರು ವಾರಕ್ಕೆ ಎರಡು ಪತ್ರ ಬಂದವು. ಮಗಳಿಗೆ ಅನುಮತಿ. ತಾಯಿ ಒಂದು ವರ್ಷ ಅರ್ಜಿ ಹಾಕುವಂತಿಲ್ಲ. ವಕೀಲೆ ಎರಡನ್ನೂ ಓದಿ ಹೇಳಿ, ವರ್ಷ ತುಂಬಿದ ಮೇಲೆ ಹಾಕಬೇಕಾದ ಅರ್ಜಿಯನ್ನು ಆಗಲೇ ಪೆಟ್ಟಿಗೆಯಿಂದ ತೆಗೆದಳು. ಕೊನೆಯ ಪುಟ ತಿರುಗಿಸಿ, ನೆರವಾದವರ ಹೆಸರು ಎಂಬಲ್ಲಿ ತನ್ನ ಹೆಸರನ್ನೂ ಸಂಖ್ಯೆಯನ್ನೂ ದಪ್ಪ ಅಕ್ಷರದಲ್ಲಿ ಬರೆದು, ಫೈಲಿಗೆ ಸೇರಿಸಿದಳು. ಒಳ್ಳೆಯ ಮಾತು ಒಂದೂ ಆಡಲಿಲ್ಲ. ಸೂಜಿಯೂ ಆಡಲಿಲ್ಲ. ಮೊಣಕೈ ಜೋಪಾನ ಎಂದು ಹೇಳಿ ಮೆಟ್ಟಿಲಿಳಿದಳು.

ಕೋಟಿನವನ ಬೋರ್ಡನ್ನು ಇಲಾಖೆಯವರು ಇಳಿಸಿದರು. ಅವನು ಎರಡು ಬೀದಿ ಆಚೆ ಹೊಸ ಬೋರ್ಡು ಹಾಕಿದ. ಅಂಥವರಿಗೆ ಬೀದಿಗಳ ಬರವಿಲ್ಲ. ಮಗಳು ಹೊರಡುವ ಹಿಂದಿನ ವಾರ ಅವನ ಬೂದು ಕೋಟು ಮತ್ತೆ ಅಂಗಡಿಗೆ ಬಂತು, ಈ ಸಲ ಎದೆಯ ಮೇಲೆ ತೂತು. ಸೂಜಿ ಅದನ್ನು ಮುಟ್ಟಲಿಲ್ಲ. ಸರಿಪಡಿಸಲು ಸಾಧ್ಯವಿಲ್ಲ ಎಂದು ಚೀಟಿ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಪಿನ್ನು ಚುಚ್ಚಿದಳು. ಮಾಲೀಕ ಆ ಹೆಸರು ಯಾರದೆಂದು ಕೇಳಿದ. ಅವನಿಗೆ ಅವಳು ಸೂಜಿ ಎಂದಷ್ಟೇ ಗೊತ್ತಿತ್ತು.

ಹುಟ್ಟಿದ ದಿನಕ್ಕೆ ಆರು ದಿನ ಉಳಿದಿರುವಾಗ ಮಗಳು ಹೊರಟಳು. ವಿಮಾನ ನಿಲ್ದಾಣದವರೆಗೂ ಸೂಜಿ ಬೈಯುತ್ತಲೇ ಇದ್ದಳು. ಚೀಲದ ಪಟ್ಟಿ ಸರಿಯಿಲ್ಲ, ಕೂದಲು ಕಟ್ಟಿಲ್ಲ, ಕಾಗದ ಮೇಲಿನ ಜೇಬಿನಲ್ಲಿಟ್ಟಿದ್ದಾಳೆ. ಒಳಗೆ ಹೋಗುವ ಬಾಗಿಲಲ್ಲಿ ಮಗಳು ಅಪ್ಪಿಕೊಂಡಾಗ ಅವಳ ಜಾಕೆಟ್ಟಿನ ತೋಳಿನ ಕೆಳಗೆ ಹೊಲಿಗೆ ಬಿಟ್ಟು ಮೂರು ಬೆರಳಷ್ಟು ಹರಿದಿರುವುದು ಸೂಜಿಯ ಕೈಗೆ ಸಿಕ್ಕಿತು. ಬೆಳಿಗ್ಗೆ ಬಸ್ಸಿನ ಕಂಬಿಗೆ ಸಿಕ್ಕಿತ್ತಂತೆ. ಸೂಜಿಯ ಕೈ ಕೊರಳಪಟ್ಟಿಗೆ ಹೋಯಿತು. ಹಿಂದಿನ ಸಾಲಿನವರು ಮುಂದೆ ನೂಕುತ್ತಿದ್ದರು, ಕಾವಲಿನವನು ಬೇಗ ಬೇಗ ಎನ್ನುತ್ತಿದ್ದ. ಐದು ನಿಮಿಷದ ಕೆಲಸ. ಕೈ ಅಲ್ಲಿಯೇ ನಿಂತಿತು. ಹೋಗಲಿ ಬಿಡು, ಅಲ್ಲಿ ಹೋಗಿ ಯಾರ ಹತ್ತಿರವಾದರೂ ಹೊಲಿಸಿಕೊಳ್ಳುತ್ತೇನೆ ಎಂದಳು ಮಗಳು.

"ಯಾರ ಕೈಗೂ ಕೊಡಬೇಡ," ಎಂದಳು ಸೂಜಿ. "ನಾನು ಬರೋವರೆಗೂ ಹರಿದ ಹಾಗೇ ಇಟ್ಕೋ."

ಮಗಳು ಆಯಿತು ಎಂದಳು. ತೋಳನ್ನು ಮೈಗೆ ಒತ್ತಿಕೊಂಡು ಒಳಗೆ ಹೋದಳು.